ಜೋಳದ ಮೇಲೆ ಜೋಳ ಸಾಲದು, ಹಿಂಡಿಯೂ ಬೇಕು

ಈಸೂರು ಸೀಮೆಯಲ್ಲಿ ಆಡು ಸಾಕುವವರಿಗೆ ಮಳೆಗಾಲ ಕಷ್ಟಕಾಲ. ಮಳೆಗೆ ಒದ್ದೆಯಾದ ಮೇವೆಂದರೆ ಆಡಿಗೆ ಆಗದು. ಕೆಸರಿನಲ್ಲಿ ಮೇಯಲು ಬಿಟ್ಟರೆ ಗೊರಸು ಕೊಳೆಯುತ್ತದೆ, ಜಂತು ಸೇರುತ್ತದೆ. ಆಗ ಕೊಟ್ಟಿಗೆಯಲ್ಲೇ ಹಾಕಲು ಕೂಡಿಟ್ಟ ಮೇವು ಬೇಕು. ಶಿಕಾರಿಪುರ, ಸೊರಬದ ಹೊಲಗಳಲ್ಲಿ ಮೆಕ್ಕೆಜೋಳ ಹೇರಳ. ಕಾಳು ಹಾಲುತುಂಬಿ ಗಟ್ಟಿಯಾಗತೊಡಗಿದಾಗ ಬೆಳೆಯನ್ನು ದಂಟುಸಮೇತ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟರೆ ಸುಮಾರು 45 ದಿನಕ್ಕೆ ರಸಮೇವು ಸಿದ್ಧ. ದಂಟಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆ ಹುಳಿಯೇ ಮೇವು ಕೆಡದಂತೆ ಕಾಯುತ್ತದೆ.

ಹಾಗೆಂದು ರಸಮೇವೊಂದನ್ನೇ ತಿನ್ನಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಲೆಕ್ಕ ಹಾಕಿ ನೋಡಿ. 25 ಕಿಲೋ ತೂಗುವ, ಬೆಳೆಯುತ್ತಿರುವ ಆಡು ದಿನಕ್ಕೆ ಸುಮಾರು 900 ಗ್ರಾಂ ಒಣ ಅಂಶ ತಿನ್ನುತ್ತದೆ. ರಸಮೇವಿನಲ್ಲಿ ನೀರೇ ಹೆಚ್ಚು, ಒಣ ಅಂಶ ಶೇ 30ರ ಆಸುಪಾಸು. ಅಂದರೆ 3 ಕಿಲೋ ರಸಮೇವು ಬೇಕು. ಒಣ ಅಂಶದಲ್ಲಿ ಪ್ರೋಟೀನ್ ಶೇ 8 ಅಂದುಕೊಂಡರೂ ಸಿಗುವುದು 72 ಗ್ರಾಂ. ಬೆಳೆಯುವ ಮೈಗೆ 110 ಗ್ರಾಂ ಆದರೂ ಬೇಕು.

ಈ ಕೊರತೆ ಮೊದಲು ತಟ್ಟುವುದು ಆಡಿನ ಮೆಲುಕು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ. ನಾರನ್ನು ಜೀರ್ಣಿಸುವವು ಅವೇ. ಪ್ರೋಟೀನಿನಿಂದ ಬರುವ ಸಾರಜನಕ ಸಿಗದಿದ್ದರೆ ಅವು ಹೆಚ್ಚುವುದಿಲ್ಲ, ತಿಂದ ಮೇವು ಅರೆಬರೆ ಕರಗಿ ಹಿಕ್ಕೆಯಾಗಿ ಹೋಗುತ್ತದೆ.

ಮನೆಯಲ್ಲಿ ಮೆಕ್ಕೆಜೋಳವಿದೆಯೆಂದು ಈ ಕೊರತೆ ತುಂಬಲು ಅದರ ಕಾಳನ್ನೇ ಸುರಿಯುವುದು ಸುಲಭದ ತಪ್ಪು. ಕಾಳಿನಲ್ಲೂ ಪ್ರೋಟೀನ್ ಶೇ 9 ಮಾತ್ರ, ಉಳಿದದ್ದು ಹೆಚ್ಚಾಗಿ ಪಿಷ್ಟ. ಒಮ್ಮೆಗೇ ಪಿಷ್ಟ ಹೆಚ್ಚಿದರೆ ಹೊಟ್ಟೆಯ ಪಿಎಚ್ 5.5ಕ್ಕಿಂತ ಕೆಳಗಿಳಿದು ಆಮ್ಲತೆ ಏರುತ್ತದೆ. ಆಡು ಮೇವು ಬಿಡುತ್ತದೆ, ಭೇದಿಯಾಗುತ್ತದೆ, ಸಾಯಲೂಬಹುದು.

ಬೇಕಾದದ್ದು ಹಿಂಡಿ ಸೇರಿದ ಕೈತಿಂಡಿ. 100 ಕಿಲೋ ಮಿಶ್ರಣಕ್ಕೆ ಮೆಕ್ಕೆಜೋಳದ ನುಚ್ಚು 35, ಶೇಂಗಾ ಹಿಂಡಿ 30, ಗೋಧಿ ಬೂಸಾ 32, ಖನಿಜ ಮಿಶ್ರಣ 2, ಉಪ್ಪು 1 ಕಿಲೋ ಹಾಕಿದರೆ ಪ್ರೋಟೀನ್ ಸುಮಾರು ಶೇ 20 ಆಗುತ್ತದೆ. ಇದನ್ನು ದಿನಕ್ಕೆ 250 ಗ್ರಾಂ, ಜೊತೆಗೆ 2 ಕಿಲೋ ರಸಮೇವು, ಬೇಲಿಯ ಗ್ಲಿರಿಸಿಡಿಯಾ ಸೊಪ್ಪು 350 ಗ್ರಾಂ ಕೊಟ್ಟರೆ ಪ್ರೋಟೀನ್ ಲೆಕ್ಕ 115 ಗ್ರಾಂ ದಾಟುತ್ತದೆ. ಗಬ್ಬದ ಆಡಿಗೆ ಕೊನೆಯ ಒಂದೂವರೆ ತಿಂಗಳು ಕೈತಿಂಡಿ ತಪ್ಪಿಸಬಾರದು. ಮರಿ ಹೆಚ್ಚು ಬೆಳೆಯುವುದು ಆಗಲೇ. ಅದು ಬೆಳೆದಂತೆ ತಾಯಿಯ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆಯಾಗುತ್ತದೆ.

ಕೈತಿಂಡಿಯನ್ನು ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ ಕೊಡಿ. 50 ಗ್ರಾಮಿನಿಂದ ಶುರುಮಾಡಿ ಎರಡು ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ತನ್ನಿ. ಮೆಲುಕು ನಿಲ್ಲದಂತೆ ಸ್ವಲ್ಪ ಒಣಹುಲ್ಲೂ ಇರಲಿ. ಮೆಲುಕಿನ ಜೊಲ್ಲೇ ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ಮೇವು ಬದಲಿಸುವ ಮುನ್ನ ಕರುಳುಬೇನೆಯ ಲಸಿಕೆ ಹಾಕಿಸಿ.

ಮಲೆನಾಡಿನ ತೇವದಲ್ಲಿ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಬೂಷ್ಟು ಹಿಡಿದ ರಸಮೇವಿನಿಂದ ಲಿಸ್ಟೀರಿಯಾ ರೋಗ ಬಂದು ಆಡು ಒಂದೇ ಕಡೆಗೆ ಸುತ್ತುತ್ತಾ ನೆಲ ಹಿಡಿಯಬಹುದು. ಬೂಷ್ಟು ಕಂಡ ಮೇವನ್ನು, ಹಿಂಡಿಯನ್ನು ತಿಪ್ಪೆಗೆ ಹಾಕಿ, ಆಡಿಗೆ ಹಾಕಬೇಡಿ.