ದೊರೆಗೆ ರೇಖಾಗಣಿತ ಕಲಿಸಿದ ನಾವಿಕ

ಈಚೆಗೆ ಮನೆಮಂದಿ ಕುಳಿತು ‘ಶೋಗನ್’ ಧಾರಾವಾಹಿ ನೋಡಿದೆವು. ಜೇಮ್ಸ್ ಕ್ಲಾವೆಲ್ ಅವರ 1975ರ ಕಾದಂಬರಿಯಿಂದ 2024ರಲ್ಲಿ ತಯಾರಾದದ್ದು, ಹತ್ತು ಕಂತು. ಕಥೆ ನಡೆಯುವುದು ಕ್ರಿ.ಶ. 1600ರ ಜಪಾನಿನಲ್ಲಿ. ಪಟ್ಟಕ್ಕೆ ಬರಬೇಕಾದವನು ಬಾಲಕ. ಅಧಿಕಾರ ಐವರು ಸಾಮಂತರ ಕೈಯಲ್ಲಿ. ಅವರಲ್ಲಿ ಒಬ್ಬರಿಗೊಬ್ಬರಿಗೆ ನಂಬಿಕೆಯಿಲ್ಲ. ಕತ್ತು ಹಾರಿಸುವ, ಹೊಟ್ಟೆ ಸೀಳಿಕೊಳ್ಳುವ ದೃಶ್ಯಗಳಿವೆ. ಚಿಕ್ಕ ಮಕ್ಕಳಿಗೆ ಖಂಡಿತ ತೋರಿಸಬೇಡಿ.

ಮಗನ ಗಮನವೆಲ್ಲ ಕತ್ತಿವರಸೆಯ ಮೇಲೆ. ಮಗಳು ಮಾತ್ರ ಕೇಳಿದಳು: “ಅಪ್ಪಾ, ಕೈಯಲ್ಲಿ ಕಾಸಿಲ್ಲದ ಆ ಪರದೇಶಿಯನ್ನು ದೊರೆ ಯಾಕೆ ಉಳಿಸಿಕೊಂಡ?”

ಮೇಷ್ಟರಿಗೆ ಇಂಥ ಪ್ರಶ್ನೆ ಸಿಕ್ಕರೆ ಕೇಳಬೇಕೆ! ಟಿ.ವಿ. ಆರಿಸಿ ಪಾಠಕ್ಕೆ ಕೂತೆ.

ಧಾರಾವಾಹಿಯ ಬ್ಲ್ಯಾಕ್‌ಥಾರ್ನ್ ಪಾತ್ರದ ಹಿಂದಿರುವವನು ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ನಾವಿಕ. 1598ರಲ್ಲಿ ರಾಟರ್‌ಡ್ಯಾಮಿನಿಂದ ಹೊರಟ ಐದು ಹಡಗುಗಳಲ್ಲಿ ಜಪಾನ್ ಮುಟ್ಟಿದ್ದು ಒಂದೇ. ಅದರಲ್ಲೂ ಎದ್ದು ನಿಲ್ಲುವ ಶಕ್ತಿ ಇದ್ದವರು ಬೆರಳೆಣಿಕೆಯಷ್ಟು ಮಂದಿ.

ಆಗ ಹಡಗು ನಡೆಸುವುದು ಎಷ್ಟು ಕಷ್ಟ ನೋಡಿ. ಮಧ್ಯಾಹ್ನದ ಸೂರ್ಯನ ಎತ್ತರ ಅಳೆದರೆ ಅಕ್ಷಾಂಶ ಸಿಗುತ್ತದೆ. ರೇಖಾಂಶ ಹಾಗಲ್ಲ, ಅದಕ್ಕೆ ಸರಿಯಾದ ಗಡಿಯಾರ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗಡಿಯಾರ ನಾಲ್ಕು ನಿಮಿಷ ತಪ್ಪಿದರೆ ಒಂದು ಡಿಗ್ರಿ, ಸಮಭಾಜಕದಲ್ಲಿ ಸುಮಾರು 111 ಕಿ.ಮೀ. ತಪ್ಪು! ಕಡಲಿನಲ್ಲಿ ಕೆಡದೆ ನಡೆಯುವ ಗಡಿಯಾರವನ್ನು ಜಾನ್ ಹ್ಯಾರಿಸನ್ ಮಾಡಿದ್ದು ಹದಿನೆಂಟನೇ ಶತಮಾನದಲ್ಲಿ. ಅಲ್ಲಿಯವರೆಗೆ ವೇಗ, ದಿಕ್ಕುಗಳ ಅಂದಾಜೇ ಗತಿ. ಹಾಗಾಗಿ ಗಾಳಿ, ಆಳ, ದಡದ ಗುರುತು ಬರೆದಿಟ್ಟ ನಾವಿಕನ ಪುಸ್ತಕಕ್ಕೆ ಚಿನ್ನದ ಬೆಲೆ. ಅದನ್ನು ಬಲ್ಲ ತಲೆಗೆ ಇನ್ನೂ ಹೆಚ್ಚು.

ಇದನ್ನು ಅರಿತವನು ತೊಕುಗಾವಾ ಇಯೆಯಾಸು, ಧಾರಾವಾಹಿಯ ತೊರನಾಗ. 1603ರಲ್ಲಿ ಶೋಗನ್ ಪದವಿಗೇರಿದ. ಆಡಮ್ಸ್ ತಾನು ಬಡಗಿಯಲ್ಲ ಎಂದರೂ ಬಿಡದೆ ಅವನಿಂದ 80 ಟನ್ನಿನ ಹಡಗು ಕಟ್ಟಿಸಿದ. ಅಷ್ಟೇ ಅಲ್ಲ, ಅವನಿಂದ ರೇಖಾಗಣಿತ ಹೇಳಿಸಿಕೊಂಡ. (ಅಳೆಯುವ ಪಟ್ಟಿ ಮರೆತು ಬರುವ ನನ್ನ ವಿದ್ಯಾರ್ಥಿಗಳು ಗಮನಿಸಿ.) ಜಮೀನು ಕೊಟ್ಟ, ಗೌರವ ಕೊಟ್ಟ.

“ಮತ್ತೆ ಊರಿಗೆ ಹೋದನಾ ಅಪ್ಪಾ?”

ಇಂಗ್ಲೆಂಡಿನಲ್ಲಿ ಹೆಂಡತಿ ಇದ್ದಳು. ಎಷ್ಟೋ ಸಲ ಬೇಡಿದರೂ ದೊರೆ ಒಪ್ಪಲಿಲ್ಲ. ಅಷ್ಟು ತಿಳಿದವನನ್ನು ಯಾರು ಬಿಟ್ಟಾರು? ಕೊನೆಗೆ 1613ರಲ್ಲಿ ಅಪ್ಪಣೆ ಸಿಕ್ಕಿತು. ಆಗ ಅವನೇ ಹೋಗಲಿಲ್ಲ. ಅಷ್ಟರಲ್ಲಿ ಜಪಾನಿನಲ್ಲೂ ಸಂಸಾರ ಬೆಳೆದಿತ್ತು. 1620ರಲ್ಲಿ ಹಿರಾಡೊದಲ್ಲಿ ತೀರಿಕೊಂಡಾಗ ತನ್ನ ಸ್ವತ್ತನ್ನು ಎರಡೂ ಸಂಸಾರಗಳಿಗೆ ಹಂಚಿ ಉಯಿಲು ಬರೆದಿದ್ದ.

ಧಾರಾವಾಹಿ ಇಷ್ಟು ದೂರ ಬರುವುದಿಲ್ಲ.