ಸೂಜಿ ಚುಚ್ಚೋದು ನರ್ಸೋ, ನಾನೋ?

“ಅಲ್ಲಿ ನರ್ಸ್‌ಗಳು ಇಲ್ವೇನೋ? ನೀನ್ಯಾಕೋ ಚುಚ್ಕೋಬೇಕು?”

ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಅಷ್ಟು ಸಿಟ್ಟು ಬಂದಿದ್ದನ್ನು ನನ್ನ ಪಿಯುಸಿ ಮಾರ್ಕ್ಸ್ ಕಾರ್ಡ್ ಬಂದ ದಿನವೂ ನೋಡಿರಲಿಲ್ಲ. ಅಮ್ಮ ಇರೋದು ಹಾಸನದಲ್ಲಿ, ನಾನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ವಯಸ್ಸು ಮೂವತ್ತು, ಕೆಲಸ ಸಾಫ್ಟ್‌ವೇರು, ಎರಡೂ ಕಿಡ್ನಿ ಕೈಕೊಟ್ಟಿವೆ. ಕಾಯಿಲೆಯ ಹೆಸರು ಐಜಿಎ ನೆಫ್ರೋಪತಿ. ಬಿಪಿ ಜಾಸ್ತಿ ಇದೆ ಅಂತ ಗೊತ್ತಾಗುವ ಹೊತ್ತಿಗೇ ತಡವಾಗಿತ್ತು. ಕಸಿ ಆಗುವವರೆಗೆ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಡಯಾಲಿಸಿಸ್.

ಮೊದಲ ಆರು ತಿಂಗಳು ಎಲ್ಲವನ್ನೂ ನರ್ಸ್‌ಗಳೇ ಮಾಡಿದರು. ನಾನು ಹೋಗಿ ಮಲಗಿ, ಎಡಗೈ ಚಾಚಿದರೆ ಮುಗೀತು. ಆದರೆ ಸಮಯ ಅವರದ್ದು: ಮಂಗಳವಾರ, ಗುರುವಾರ, ಶನಿವಾರ, ಮಧ್ಯಾಹ್ನ 1 ಗಂಟೆ. ಆಫೀಸಿನ ಮೀಟಿಂಗ್‌ಗಳಲ್ಲಿ ನಾನು ಯಾವಾಗಲೂ ಅರ್ಧಕ್ಕೇ ಎದ್ದು ಹೋಗುವವನಾದೆ. ಆಗ ಒಬ್ಬ ನರ್ಸ್ ಕೇಳಿದರು, “ಪಕ್ಕದ ವಿಭಾಗದಲ್ಲಿ ನೀವೇ ಮಾಡಿಕೊಳ್ಳೋದು ಕಲೀತೀರಾ?”

ಅದೇ ಆಸ್ಪತ್ರೆ, ಅದೇ ಮಷೀನು. ವ್ಯತ್ಯಾಸ ಇಷ್ಟೇ: ತೂಕ, ಬಿಪಿ ನೋಡಿಕೊಳ್ಳೋದು, ಮಷೀನಿಗೆ ಪೈಪುಗಳನ್ನು ಜೋಡಿಸಿ ಸಲೈನ್ ಹರಿಸಿ ಗಾಳಿ ಹೊರಹಾಕೋದು, ಸೂಜಿ ಚುಚ್ಚೋದು, ಅಲಾರಾಂ ಹೊಡೆದರೆ ಓದೋದು, ಕೊನೆಗೆ ಮಷೀನು ಒರೆಸೋದು, ಎಲ್ಲ ನಾವೇ. ನರ್ಸ್ ಅಲ್ಲೇ ಇರುತ್ತಾರೆ, ಕರೆದರೆ ಬರುತ್ತಾರೆ. ಬದಲಿಗೆ ಆಫೀಸು ಮುಗಿಸಿ ಸಂಜೆ ಹೋಗಬಹುದು. ಇಲ್ಲಿಂದ ಸುಮಾರು 150 ಕಿ.ಮೀ. ದೂರದ ಯೋನ್‌ಶೋಪಿಂಗ್‌ನಲ್ಲಿ, ರೀಹೋವ್ ಆಸ್ಪತ್ರೆಯಲ್ಲಿ, 2005ರಲ್ಲಿ ಒಬ್ಬ ರೋಗಿ ತನ್ನ ನರ್ಸ್ ಹತ್ತಿರ “ನಾನೇ ಮಾಡಿಕೊಳ್ಳಲಾ?” ಅಂತ ಕೇಳಿದರಂತೆ. ಅವರು ಕಲಿತು ಇನ್ನೊಬ್ಬರಿಗೆ ಕಲಿಸಿ, ಆಮೇಲೆ ಅಲ್ಲಿ ಸ್ವಯಂ ಡಯಾಲಿಸಿಸ್‌ಗೆಂದೇ ಒಂದು ವಿಭಾಗ ಬಂತು.

ನಮ್ಮ ಜಾತಿಯವರು, ಅಂದರೆ ಇಂಜಿನಿಯರುಗಳು, ಮಾಡುವ ಹಾಗೆ ನಾನೂ ಎಕ್ಸೆಲ್ ಶೀಟ್ ಮಾಡಿದೆ. ಸಮಯ, ಕೆಲಸ, ಸುಸ್ತು, ಸೋಂಕಿನ ಭಯ, ಎಲ್ಲಕ್ಕೂ ಅಂಕ ಕೊಟ್ಟೆ. ಸ್ವಯಂ ಡಯಾಲಿಸಿಸ್ ಗೆದ್ದಿತು. ಸೂಜಿಗೆ ಮಾತ್ರ ಶೀಟಿನಲ್ಲಿ ಜಾಗವೇ ಇರಲಿಲ್ಲ.

ರಕ್ತ ಪರೀಕ್ಷೆಗೆ ಚುಚ್ಚುವ ಸೂಜಿ ಅಲ್ಲ ಇದು, ಅದಕ್ಕಿಂತ ದಪ್ಪ. ಎರಡು ಬೇಕು: ಒಂದು ರಕ್ತ ಹೊರಗೆ ತರೋಕೆ, ಇನ್ನೊಂದು ಶುದ್ಧವಾದದ್ದು ವಾಪಸ್ ಕಳಿಸೋಕೆ. ಇದಕ್ಕೆಂದೇ ಕೈಯಲ್ಲಿ ಅಪಧಮನಿಗೂ ಅಭಿಧಮನಿಗೂ ಗಂಟು ಹಾಕಿ ಫಿಸ್ಟುಲಾ ಮಾಡಿರುತ್ತಾರೆ. ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ನಡುಗುತ್ತೆ. ಮೊದಲ ದಿನ ನನ್ನ ಬಲಗೈ ಅದಕ್ಕಿಂತ ಹೆಚ್ಚು ನಡುಗುತ್ತಿತ್ತು. ನರ್ಸ್ ನನ್ನ ಕೈ ಮೇಲೆ ಕೈಯಿಟ್ಟು ಚುಚ್ಚಿಸಿದರು. ಎಷ್ಟೋ ದಿನ ಆದಮೇಲೆ ನೋಡಿದರೆ ಅವರ ಕೈ ಅಲ್ಲಿರಲಿಲ್ಲ. ನಿಜ ಹೇಳ್ತೀನಿ, ನಾವೇ ಚುಚ್ಚಿಕೊಂಡರೆ ನೋವು ಕಮ್ಮಿ. ಯಾವ ಕ್ಷಣಕ್ಕೆ ಅಂತ ಗೊತ್ತಿರುತ್ತಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಯುಗಾದಿ ಬಂತು.

ಇಲ್ಲಿನ ಕನ್ನಡ ಗೆಳೆಯರ ಮನೆಯಲ್ಲಿ ಹೋಳಿಗೆ, ಪುಳಿಯೋಗರೆ, ಉಪ್ಪಿನಕಾಯಿ, ಅದರ ಹಿಂದೆ ಬಾಯಾರಿಕೆ. ಕಿಡ್ನಿ ಇಲ್ಲದವನಿಗೆ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತೆ. ನನ್ನ ಡ್ರೈ ವೇಟ್, ಅಂದರೆ ಹೆಚ್ಚುವರಿ ನೀರು ಇಲ್ಲದ ತೂಕ, 62 ಕಿಲೋ. ಆ ಮಂಗಳವಾರ ತಕ್ಕಡಿ 65.9 ತೋರಿಸಿತು. 3 ಲೀಟರ್ ದಾಟಿದರೆ ನರ್ಸನ್ನು ಕರೀಬೇಕು ಅಂತ ನನಗೆ ಹೇಳಿಕೊಟ್ಟಿದ್ದರು. ನಾನು 3.9 ಅನ್ನು 4ರಿಂದ ಭಾಗಿಸಿ, ಗಂಟೆಗೆ 975 ಮಿ.ಲೀ. ಅಂತ ಒತ್ತಿಬಿಟ್ಟೆ. ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 13 ಮಿ.ಲೀ. ಮೀರಬಾರದು ಅನ್ನೋದು ಸಾಮಾನ್ಯ ಲೆಕ್ಕ. ನನಗೆ ಅದು ಸುಮಾರು 800.

ಮೂರನೇ ಗಂಟೆಗೆ ಮೀನಖಂಡ ಹಿಡಿದುಕೊಂಡಿತು. ಬೆವರು, ಕಿವಿಯಲ್ಲಿ ಗುಂಯ್. ಬಿಪಿಯ ಮೇಲಿನ ಅಂಕಿ 82. ನರ್ಸ್ ಓಡಿ ಬಂದು ನೀರು ತೆಗೆಯೋದು ನಿಲ್ಲಿಸಿ, ತಲೆ ತಗ್ಗಿಸಿ ಮಲಗಿಸಿ, ಸಲೈನ್ ಕೊಟ್ಟರು. ಆಮೇಲೆ ಒಂದೇ ಮಾತು: “ಯಾಕೆ ಕರೀಲಿಲ್ಲ?”

ಕರೆದರೆ ಸೋತ ಹಾಗೆ ಅಂದುಕೊಂಡಿದ್ದೆ, ಅದಕ್ಕೆ. ಆಫೀಸಿನಲ್ಲಿ ಎರಡು ಸಾಲು ಕೋಡನ್ನೂ ಇನ್ನೊಬ್ಬರಿಗೆ ತೋರಿಸದೆ ಮುಂದೆ ಕಳಿಸದವನು, ನನ್ನ ರಕ್ತದ ವಿಷಯದಲ್ಲಿ ರಿವ್ಯೂ ಬೇಡ ಅಂದುಕೊಂಡಿದ್ದೆ. ಮರುದಿನ ಉಳಿದ ನೀರು ತೆಗೆಸೋಕೆ ಮತ್ತೆ ಹೋದೆ. ಎರಡು ವಾರ ನರ್ಸ್‌ಗಳ ವಿಭಾಗಕ್ಕೇ ವಾಪಸ್. ಅವರು ಕಳಿಸಲಿಲ್ಲ, ನಾನೇ ಕೇಳಿಕೊಂಡೆ.

ಅಲ್ಲಿ ಪಕ್ಕದ ಹಾಸಿಗೆಯ ಹಿರಿಯರೊಬ್ಬರು ಸ್ವಯಂ ಡಯಾಲಿಸಿಸ್ ಕಲಿತು, ಬಿಟ್ಟು ಬಂದವರು. “ಜೀವನಪೂರ್ತಿ ಫ್ಯಾಕ್ಟರಿಯಲ್ಲಿ ಮಷೀನು ನೋಡ್ಕೊಂಡೆ. ಈಗ ಯಾರಾದ್ರೂ ನನ್ನನ್ನ ನೋಡ್ಕೊಳ್ಳಲಿ,” ಅಂದರು. ಅವರ ಲೆಕ್ಕ ನನ್ನ ಎಕ್ಸೆಲ್‌ಗಿಂತ ಸರಿಯಾಗಿತ್ತು ಅನ್ನಿಸಿತು.

ನಾನು ಮತ್ತೆ ಸಂಜೆಯ ವಿಭಾಗಕ್ಕೆ ಬಂದಿದ್ದೇನೆ. ಜ್ವರ ಬಂದ ದಿನ, ಕೈ ಊದಿದ ದಿನ ಸಂಕೋಚವಿಲ್ಲದೆ ನರ್ಸ್‌ಗೆ ಕೈ ಚಾಚುತ್ತೇನೆ. ನಮ್ಮೂರ ಕಡೆಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಟೆಕ್ನಿಷಿಯನ್ನೇ ಎಲ್ಲ ಮಾಡ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಹೋಗ್ತಿದ್ರೆ, “ಇವತ್ತು ಎಷ್ಟು ನೀರು ತೆಗೀತೀರಿ?” ಅಂತ ಕೇಳೋಕಂತೂ ಯಾವ ತರಬೇತಿಯೂ ಬೇಡ.

ಅಮ್ಮ ಅದನ್ನ ಕಲಿತಾಗಿದೆ. ಮೊನ್ನೆಯ ಕಾಲ್:

“ಇವತ್ತು ಎಷ್ಟೋ?”

“ಎರಡು ಪಾಯಿಂಟ್ ಒಂದು.”

“ನರ್ಸಿಗೆ ಹೇಳಿದ್ಯಾ?”

“ಅಷ್ಟಕ್ಕೆಲ್ಲ ಹೇಳೋದು ಬೇಡಮ್ಮ.”

“ಹೇಳು. ನಾನು ಲೈನಲ್ಲೇ ಇರ್ತೀನಿ.”