ದವಡೆಯನ್ನು ಸಡಿಲಿಸುವ ವಿಷ

ಕಿವಿಯ ಕೆಳಗೆ ದವಡೆಯೆಲುಬು ತಿರುಗುವ ಮೂಲೆಯುಂಟಷ್ಟೆ? ಅದಕ್ಕೆ ತುಸು ಮುಂದಾಗಿ, ಎರಡೂ ಕೆನ್ನೆಗಳ ಮೇಲೆ ಬೆರಳಿಟ್ಟು ಹಲ್ಲುಗಳನ್ನು ಬಿಗಿಯಾಗಿ ಕಚ್ಚಿರಿ. ಚರ್ಮದಡಿಯಲ್ಲಿ ಗಟ್ಟಿಯಾದ ಉಂಡೆಯೊಂದು ಉಬ್ಬುವುದು ಬೆರಳಿಗೆ ತಿಳಿಯುತ್ತದೆ. ಅದೇ ನಾವು ಅಗಿಯಲು ಬಳಸುವ ಮುಖ್ಯ ಸ್ನಾಯು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ವಾಚಕರಿಗೆ ಅದರ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಜೋಳದ ಕಟಕ ರೊಟ್ಟಿಯನ್ನು ನುರಿಸುವ ಕೆಲಸ ಅದರದೇ.

ಊಟ ಮುಗಿದ ಮೇಲೆ ವಿಶ್ರಮಿಸಬೇಕಾದ ಈ ಸ್ನಾಯು ಕೆಲವರಲ್ಲಿ ನಿದ್ದೆಯಲ್ಲಿಯೂ ದುಡಿಯುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಕರಕರ ಸದ್ದು. ಕಡಿದವರಿಗೆ ಬೆಳಗಾಗುತ್ತಲೇ ದವಡೆಯ ಬಿಗಿತ, ತಲೆನೋವು. ವರ್ಷಗಳು ಕಳೆದಂತೆ ಹಲ್ಲಿನ ತುದಿಗಳು ಸವೆದು ಮಟ್ಟಸವಾಗುತ್ತವೆ. ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳುವಿದೆಯೆಂದು ಹಿರಿಯರು ಹೇಳುವುದುಂಟು. ಆದರೆ ದೊಡ್ಡವರ ವಿಷಯದಲ್ಲಿ ವೈದ್ಯರು ಮೊದಲು ವಿಚಾರಿಸುವುದು ಮನಸ್ಸಿನ ಕಳವಳವನ್ನು, ನಿದ್ರೆಯ ಏರುಪೇರನ್ನು, ತಂಬಾಕು ಮದ್ಯಗಳ ಬಳಕೆಯನ್ನು. ರಾತ್ರಿ ಹಲ್ಲುಗಳ ನಡುವೆ ಇಟ್ಟುಕೊಳ್ಳುವ ಕವಚವೊಂದನ್ನು ಮಾಡಿಕೊಡುವುದು ದಂತವೈದ್ಯರ ಹಳೆಯ ಉಪಾಯ. ಇತ್ತೀಚಿನ ಉಪಾಯವೆಂದರೆ ಸ್ನಾಯುವಿಗೇ ಚುಚ್ಚುಮದ್ದು ಕೊಟ್ಟು ಅದರ ಬಲವನ್ನು ತಗ್ಗಿಸುವುದು. ಬೊಟಾಕ್ಸ್ ಎಂಬ ವ್ಯಾಪಾರನಾಮದಿಂದ ಜನ ಬಲ್ಲ ಮದ್ದು ಇದೇ.

ಇದು ಮೂಲತಃ ಔಷಧವಲ್ಲ, ವಿಷ. ಮನುಷ್ಯನಿಗೆ ತಿಳಿದಿರುವ ವಿಷಗಳಲ್ಲಿ ಅತ್ಯುಗ್ರವಾದುದು. ಜರ್ಮನಿಯ ವೈದ್ಯನೂ ಕವಿಯೂ ಆದ ಯುಸ್ಟಿನಸ್ ಕರ್ನರ್ 1820ರ ಸುಮಾರಿಗೆ, ಕೆಟ್ಟ ಮಾಂಸದ ತಿನಿಸನ್ನು ತಿಂದು ಅಂಗಗಳು ಸೋತು ಸತ್ತವರನ್ನು ಕುರಿತು ಬರೆದನು. ಆ ವಿಷವನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡು, ಅಲ್ಪ ಪ್ರಮಾಣದಲ್ಲಿ ಅದು ಮದ್ದಾಗಬಹುದೆಂದೂ ಊಹಿಸಿದನು. ಎಂಥ ಎದೆಗಾರಿಕೆ! 1895ರಲ್ಲಿ ಬೆಲ್ಜಿಯಮ್ಮಿನ ಒಂದು ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದವರು ಹಂದಿಮಾಂಸ ತಿಂದು ಕಾಯಿಲೆ ಬಿದ್ದಾಗ, ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಲ್ಲಿ ವಿಷದ ಕರ್ತೃವಾದ ಬ್ಯಾಕ್ಟೀರಿಯವನ್ನು ಕಂಡುಹಿಡಿದನು.

ವಿಷವು ಮಾಡುವುದೇನು? ನವಿಲುತೀರ್ಥದ ಅಣೆಕಟ್ಟನ್ನು ನೆನೆಯಿರಿ. ಜಲಾಶಯದಲ್ಲಿ ನೀರಿದೆ, ಕಾಲುವೆ ಸರಿಯಾಗಿದೆ, ಹೊಲವೂ ಕಾದಿದೆ. ಆದರೆ ತೂಬನ್ನು ಎತ್ತುವ ಕೀಲು ಮುರಿದರೆ ಹೊಲ ಒಣಗಿತೆಂದೇ ಅರ್ಥ. ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವು ಪುಟ್ಟ ಪುಟ್ಟ ಚೀಲಗಳಲ್ಲಿ ಸಂಗ್ರಹವಾಗಿರುತ್ತದೆ. ಅದು ಹೊರಬಿದ್ದು ಸ್ನಾಯುವನ್ನು ಮುಟ್ಟಿದರೆ ಮಾತ್ರ ಸ್ನಾಯು ಸಂಕುಚಿಸುವುದು. ಚೀಲವನ್ನು ತೆರೆಯುವ ಕೀಲುಗಳಲ್ಲೊಂದು ಸ್ನ್ಯಾಪ್-25 ಎಂಬ ಪ್ರೋಟೀನು. ಈ ವಿಷವು ಕತ್ತರಿಸುವುದು ಅದನ್ನೇ. ನರವು ಸಾಯುವುದಿಲ್ಲ, ಕೀಲನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆದುದರಿಂದಲೇ ಚುಚ್ಚುಮದ್ದಿನ ಪರಿಣಾಮ ಕೆಲವು ದಿನಗಳಲ್ಲಿ ತೋರಿ, ಮೂರು ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ.

ಇಲ್ಲೊಂದು ಸೋಜಿಗವುಂಟು. ಹೊಲದಲ್ಲಿ ಕಾಲಿಗೆ ಗಾಯವಾದವರನ್ನು ಹೆದರಿಸುವ ಧನುರ್ವಾಯುವಿನ ಬ್ಯಾಕ್ಟೀರಿಯವು ಇದೇ ಕುಲಕ್ಕೆ ಸೇರಿದ್ದು. ಅದರ ವಿಷವೂ ಇಂಥದೇ ಕೀಲೊಂದನ್ನು ಕತ್ತರಿಸುತ್ತದೆ; ಆದರೆ ಮಿದುಳುಬಳ್ಳಿಗೆ ಏರಿಹೋಗಿ, ಸ್ನಾಯುಗಳನ್ನು ತಡೆದು ನಿಲ್ಲಿಸುವ ನರಗಳಲ್ಲಿ. ಅಂಕೆ ತಪ್ಪಿದ ದವಡೆ ಕಚ್ಚಿಕೊಳ್ಳುತ್ತದೆ. ಒಂದೇ ಕುಲದ ಎರಡು ಜೀವಿಗಳು: ಒಂದು ಬಾಯಿಯನ್ನು ಬಿಗಿಯುತ್ತದೆ, ಇನ್ನೊಂದು ಸಡಿಲಿಸುತ್ತದೆ!

ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್ ಇದನ್ನು ಮೊದಲು ಕೋತಿಗಳಲ್ಲಿ, ಅನಂತರ ಮೆಳ್ಳಗಣ್ಣಿನ ರೋಗಿಗಳಲ್ಲಿ ಪ್ರಯೋಗಿಸಿದರು. ಅಮೆರಿಕದ ಸರಕಾರ 1989ರಲ್ಲಿ ಒಪ್ಪಿಗೆಯಿತ್ತಿತು. ಕೆನಡಾದ ಕ್ಯಾರಥರ್ಸ್ ವೈದ್ಯದಂಪತಿಗಳು ರೆಪ್ಪೆಯ ಸೆಳೆತಕ್ಕೆ ಮದ್ದು ಕೊಡುತ್ತಿರುವಾಗ ಹುಬ್ಬಿನ ನಡುವಣ ಗೆರೆಗಳು ಮಾಯವಾದುದನ್ನು ಕಂಡು 1992ರಲ್ಲಿ ಪ್ರಕಟಿಸಿದರು. ಮುಖಕಾಂತಿಯ ವ್ಯಾಪಾರ ಬೆಳೆದುದು ಅಲ್ಲಿಂದ. ಆದರೆ ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಗೆರೆಗಳಿಗೆ ಇದು ತಟ್ಟುವಷ್ಟು, ದಿನವೆಲ್ಲ ಬಿಸಿಲಿನಲ್ಲಿ ದುಡಿದು ಚರ್ಮವೇ ಸುಕ್ಕಾದ ಮುಖಕ್ಕೆ ತಟ್ಟದು. ಅಂಥ ಸುಕ್ಕನ್ನು ಅಳಿಸುವ ಅವಸರವೇಕೆಂಬುದು ಬೇರೆ ಮಾತು.

ನೂರು ಯೂನಿಟ್ಟಿನ ಒಂದು ಸೀಸೆಯಲ್ಲಿರುವ ವಿಷಸಂಯುಕ್ತ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಸುಮಾರು ಐದು ಭಾಗ ಮಾತ್ರ. ಅಷ್ಟರಿಂದ ಪ್ರಾಣಭಯವಿಲ್ಲ. ಆದರೂ ಸೂಜಿ ತುಸು ಅತ್ತಿತ್ತ ಸರಿದರೆ ನಗೆ ಓರೆಯಾದೀತು. ರೊಟ್ಟಿ ಅಗಿಯಲು ಕೆಲವು ವಾರ ಬಲ ಸಾಲದಾದೀತು. ಗರ್ಭಿಣಿಯರಿಗೆ, ನರಸ್ನಾಯುಗಳ ಕೆಲವು ರೋಗಗಳುಳ್ಳವರಿಗೆ ಇದು ತಕ್ಕುದಲ್ಲ. ಹಲ್ಲು ಕಡಿಯುವವರಲ್ಲಿ ಇದು ಕಡಿತದ ರಭಸವನ್ನು ತಗ್ಗಿಸುವುದೇ ಹೊರತು, ಮಿದುಳಿನಿಂದ ಹೊರಡುವ ಪ್ರಚೋದನೆಯನ್ನು ನಿಲ್ಲಿಸದು.

ಬಾಯಿ ಬಿಗಿಯಿತೆಂದು ಬರುವವರಲ್ಲಿ ಇನ್ನೊಂದು ಬಗೆಯವರಿದ್ದಾರೆ. ಅವರನ್ನು ಇಲ್ಲಿ ಮರೆಯುವಂತಿಲ್ಲ. ಅಡಕೆ, ಗುಟ್ಕಾಗಳನ್ನು ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯದಂತಾಗುತ್ತದೆ. ಅಲ್ಲಿ ಗಟ್ಟಿಯಾದುದು ಸ್ನಾಯುವಲ್ಲ, ಪೊರೆ. ಈ ಚುಚ್ಚುಮದ್ದು ಆ ನಾರನ್ನು ಕರಗಿಸಲಾರದು. ಆ ಪೊರೆಯೇ ಮುಂದೆ ಕ್ಯಾನ್ಸರಿಗೆ ನೆಲೆಯಾಗಬಹುದು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿಯೇ ನಿಷೇಧವಾಗಿದೆ. ಬಾಯಿಯೊಳಗೆ ಎರಡು ಬೆರಳೂ ನಿಲುಕದವರು ಸಡಿಲಿಸುವ ಮದ್ದನ್ನು ಕೇಳುವ ಮೊದಲು ಬೆಳಗಾವಿಯ ಅಥವಾ ಧಾರವಾಡದ ದಂತವೈದ್ಯ ಕಾಲೇಜಿಗೆ ಹೋಗಿ ಬಾಯಿಯನ್ನು ತೋರಿಸಿಕೊಳ್ಳಬೇಕು.